ಬೀಗದೆಸಳು

ಬಾಗಿಲಲ್ಲಿ ಬೀಗ, ಮೆಟ್ಟಿಲಲ್ಲಿ ಬೀಗರು,
ನಡುವೆ ನಾನು, ಕಂಕುಳಲ್ಲಿ ಕೊತ್ತಂಬರಿ ಚೀಲ.
ಕೀ ಇಲ್ಲ.
ಸೆರಗಿನ ಗಂಟಿನಲ್ಲಿಲ್ಲ, ಪರ್ಸಿನಲ್ಲಿಲ್ಲ,
ಕರಿಮಣಿಗೆ ಸಿಕ್ಕಿಸಿದ ಪಿನ್ನಿನಲ್ಲೂ ಇಲ್ಲ.
ಇನ್ನೊಂದು ಒಳಗೇ ಮೊಳೆಗೆ ನೇತಾಡುತ್ತಿದೆ.
ಐಸ್‌ಕ್ರೀಮು ತರಲು ಹೋದ ನಮ್ಮವರ ಫೋನೂ ಒಳಗೇ
ಬಡಿದುಕೊಳ್ಳುತ್ತಿದೆ.
ಸಣ್ಣ ಉರಿಯ ಮೇಲೆ ನಾಲ್ಕು ಕೇಜಿ ಮಟನ್ನು
ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದೆ.

ಕಾಮಾಕ್ಷಿಪಾಳ್ಯ, ಎರಡನೇ ಮಹಡಿ, ಭಾನುವಾರ.
ಮಗಳ ಮದುವೆಯಾಗಿ ಒಂಬತ್ತನೇ ದಿನದ ಬೀಗರೂಟ.
ಕುದೂರಿನಿಂದ ಟೆಂಪೋ ಮಾಡಿಕೊಂಡು ಬಂದವರು ಹದಿನೇಳು ಜನ.
ಬೀಗರು ಹೊನ್ನಗಂಗಯ್ಯ ಮೀಸೆಯ ಮೇಲೆ ಕೈಯಿಟ್ಟು
ಬೀಗಿಕೊಂಡೇ ನಿಂತಿದ್ದಾರೆ.
ಬೀಗಿತ್ತಿ ಪುಟ್ಟಲಿಂಗಮ್ಮನಿಗೆ ಮಾತಿಲ್ಲ,
ಚಪ್ಪಲಿಯನ್ನೂ ಬಿಟ್ಟಿಲ್ಲ.

ಇಪ್ಪತ್ತಾರು ವರ್ಷ ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ
ಕರಡು ತಿದ್ದಿದವಳು ನಾನು.
ಇಂಥ ಹೊತ್ತಲ್ಲೂ ತಲೆ ಅಲ್ಲಿಗೇ ಓಡುತ್ತದೆ.
ಒಮ್ಮೆ ಯಾವುದೋ ನಿಘಂಟಿನ ಹಾಳೆಗಳು ಬಂದಿದ್ದವು:
ಬೀಗ, ಕದಕ್ಕೆ ಹಾಕುವುದು.
ಬೀಗ, ಹೆಣ್ಣು ಕೊಟ್ಟು ತಂದ ನಂಟ.
ಬೀಗು, ಉಬ್ಬು, ಊದಿಕೊ.
ಮೂರಕ್ಕೂ ಬೇರೆ ಸಾಲು, ಬೇರೆ ಅಂಕಿ,
ಗೋಡೆ ಒಂದೇ ಆದರೂ ಒಲೆ ಬೇರೆಯಾದ
ವಠಾರದ ಮನೆಗಳ ಹಾಗೆ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ:
‘ಇವುಗಳ ಬೇರು ಒಂದೇ ಏನು?’
ಉತ್ತರ ಬರಲಿಲ್ಲ. ಪುಟ ಅಚ್ಚಾಯಿತು.
ನನ್ನ ಪ್ರಶ್ನೆ ರದ್ದಿಯ ಜೊತೆ ತೂಕಕ್ಕೆ ಹೋಯಿತು.

ಅಷ್ಟರಲ್ಲಿ ಅಳಿಯ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ
ಮಾಗಡಿ ರಸ್ತೆಯ ಮೆಟ್ರೋ ಕಂಬದ ಬುಡದ ಗೌಸ್ ಪೀರ್ ಸಾಬರನ್ನು.
ಸೊಂಟದ ಬಳೆಯಲ್ಲಿ ನೂರು ಕೀ ಗಲಗಲ.
‘ಕೈ ಎಲ್ಲಮ್ಮಾ?’ ಅಂದರು.
ನನ್ನೆರಡು ಕೈ ನೋಡಿಕೊಂಡೆ.
‘ಬೀಗದ್ ಕೈ.’
ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ!
ಯಾರೋ ಹಳಬರು, ಕೈ ಬಾಯಿ ಇಲ್ಲದ ಕಬ್ಬಿಣಕ್ಕೂ
ಒಂದು ಕೈ ಇರಲಿ ಅಂದುಕೊಂಡಿದ್ದರು.
ನಾವು ಅದನ್ನೇ ಕತ್ತರಿಸಿ ಕೀ ಮಾಡಿಕೊಂಡೆವು.

‘ನಮ್ಮಾಕೆ ಹಿಂದೂಪುರದೋಳು,
ಅವಳಿಗೆ ಇದು ತಾಳಂ ಚೆವಿ, ಬೀಗದ ಕಿವಿ.
ಹುಬ್ಳಿಯೋರು ಬಂದ್ರೆ ಕೀಲಿ ಅಂತಾರೆ, ಕಾರವಾರದೋರು ಚಾವಿ.
ಯಾರು ಏನಂದ್ರೂ ಒಂದು ಕೀಗೆ ಎಂಬತ್ತು ರೂಪಾಯಿ.’
ಮಂಡಿಯೂರಿ, ಎರಡು ತಂತಿ ಒಳಗೆ ಬಿಟ್ಟು
ಕಣ್ಣು ಮುಚ್ಚಿಕೊಂಡು
ಬೀಗಕ್ಕೆ ಕಿವಿಯಾನಿಸಿದರು.
ಮೊದಲು ಕಿವಿ, ಆಮೇಲೆ ಕೈ.
ಇಬ್ಬರ ಸಂಸಾರ ಹೀಗೇ ನಡೆದಿರಬೇಕು.

ಹದಿನೇಳು ಜನ ಉಸಿರು ಹಿಡಿದರು.
ಹೊನ್ನಗಂಗಯ್ಯ ಮೀಸೆಯಿಂದ ಕೈ ತೆಗೆದು
ಸಾಬರಿಗೆ ಮೊಬೈಲಿನ ಬೆಳಕು ಹಿಡಿದರು.
ಒಳಗಿನಿಂದ ಹತ್ತಿದ ವಾಸನೆ, ತೆಳ್ಳಗೆ.
ನಾನು ಯಾರ ಮುಖವನ್ನೂ ನೋಡಲಿಲ್ಲ.
ಪುಟ್ಟಲಿಂಗಮ್ಮ ಚಪ್ಪಲಿ ಬಿಟ್ಟರು.
ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು
‘ಸುಮ್ಕಿರೋ ಬದ್ಲು ಇದನ್ನಾರ ಸೋಸಾನ ತತ್ತಾ’ ಅಂತ
ಕೊತ್ತಂಬರಿಯನ್ನು ಮಡಿಲಿಗೆ ಸುರಿದುಕೊಂಡರು.

ಕಟಕ್.

ಬೀಗ ಬಾಯಿ ಬಿಟ್ಟಿದ್ದೂ
ಅವರು ಬಾಯಿ ಬಿಟ್ಟಿದ್ದೂ ಒಂದೇ ಗಳಿಗೆ:
‘ಬೀಗದೆಸಳು ಇಲ್ಲೇ ಐತಲ್ಲ ಕಣವ್ವಾ!’
ಬೇರಿನ ಮಣ್ಣು ಮೆತ್ತಿಕೊಂಡು,
ಹಸಿರು ಎಲೆಗಳ ನಡುವೆ ತಾನೂ ಒಂದು ಎಸಳಾಗಿ
ಅವರ ಬೆರಳ ಸಂದಿಯಲ್ಲಿತ್ತು.

ಕೈ ಗೊತ್ತಿತ್ತು. ಕಿವಿ ಈಗ ತಿಳಿಯಿತು.
ಎಸಳು ಯಾವ ಕರಡಿನಲ್ಲೂ ನನಗೆ ಸಿಕ್ಕಿರಲಿಲ್ಲ.
ಹೂವಿನದು, ಬೆಳ್ಳುಳ್ಳಿಯದು, ಸರಿ.
ಬೀಗದಲ್ಲೂ ಎಸಳು ಕಂಡ ಆ ಮೊದಲ ಹೆಂಗಸು
(ಹೆಂಗಸೇ ಇರಬೇಕು)
ಯಾರ ಮನೆಯ ಕದದ ಮುಂದೆ, ಯಾರನ್ನು ಕಾಯುತ್ತ ಕೂತಿದ್ದಳೋ.

ಸಾಬರು ಇನ್ನೂರು ಕೇಳಿದರು, ಕೊಟ್ಟೆ,
ಊಟಕ್ಕೂ ಕೂರಿಸಿದೆ.
ತಳ ಹತ್ತಿದ ಸಾರಿಗೆ ಯಾರೂ ಹೆಸರಿಡಲಿಲ್ಲ.
ಮುದ್ದೆ ಮುರಿಯುತ್ತ ಬೀಗಿತ್ತಿ ಮಾತ್ರ ಅಂದರು:
‘ಉಪ್ಪು ಒಂದೆಸಳು ಕಮ್ಮಿ.’
ಉಪ್ಪಿಗೆ ಎಸಳೆಲ್ಲಿಯದು ಅಂತ ತಿದ್ದಲು ಹೋಗಿ
ಪೆನ್ಸಿಲು ಕೆಳಗಿಟ್ಟೆ.